ವಾಯ್ಸ್‌ಮೇಲ್ ಕೈಕೊಟ್ಟರೆ...

‘ಮೆಸೇಜ್ ಬಿಟ್ಟಿದ್ದೆ, ನೀವು ವಾಪಸ್ ಫೋನೇ ಮಾಡ್ಲಿಲ್ಲ’ ಎಂದು ಗಿರಾಕಿ ಮುನಿಸಿಕೊಂಡರೇ? ನಿಮ್ಮ ಬೊಟಿಕ್‌ನ ಆಫೀಸ್ ಫೋನನ್ನು ಒಮ್ಮೆ ಪರೀಕ್ಷಿಸಿ.

• ಮೊಬೈಲಿನಿಂದ ನಿಮ್ಮ ನಂಬರಿಗೇ ಕರೆ ಮಾಡಿ, ಎತ್ತದೆ ಬಿಡಿ. ರಿಂಗ್ ಆಗುತ್ತಲೇ ಇದ್ದರೆ ಕರೆ ವಾಯ್ಸ್‌ಮೇಲ್‌ಗೆ ಫಾರ್ವರ್ಡ್ ಆಗುತ್ತಿಲ್ಲ ಎಂದರ್ಥ.

• ಒಂದೂ ರಿಂಗ್ ಆಗದೆ ನೇರ ವಾಯ್ಸ್‌ಮೇಲ್ ಬಂದರೆ ‘ಡು ನಾಟ್ ಡಿಸ್ಟರ್ಬ್’ ಗುಂಡಿ ಒತ್ತಿಹೋಗಿರಬಹುದು. ಮಕ್ಕಳಿರುವ ಮನೆಯಲ್ಲಿ ಇದು ಮಾಮೂಲು!

• ಕೇಳಿಯಾದ ಮೆಸೇಜ್‌ಗಳನ್ನು ಆಗಾಗ ಅಳಿಸಿ. ಮೇಲ್‌ಬಾಕ್ಸ್ ತುಂಬಿದರೆ ಹೊಸದು ಸೇರುವುದಿಲ್ಲ.

• ಪಾಸ್‌ವರ್ಡ್ 1234 ಅಥವಾ 0000 ಇದೆಯೇ? ಇಂದೇ ಬದಲಿಸಿ. ವಂಚಕರು ಮೊದಲು ಒತ್ತಿ ನೋಡುವುದೇ ಇಂಥವನ್ನು.

ಆದರೂ ಸರಿಹೋಗದಿದ್ದರೆ ಫೋನ್ ಅಳವಡಿಸಿದವರನ್ನೇ ಕರೆಸಿ. ಅಲ್ಲೀವರೆಗೆ ಗಿರಾಕಿಗಳಿಗೆ ಮೊಬೈಲ್ ನಂಬರ್ ಕೊಟ್ಟಿರಿ, ಆರ್ಡರ್ ಕೈತಪ್ಪದು.