ಲಿಂಬೆಯೆಲೆಯ ಅತಿಥಿ

ಚೈತ್ರವೆಂದೊಡನೆ ಮಾವಿನ ತೋಪು, ಮಲ್ಲಿಗೆಯ ಬಳ್ಳಿ, ತಂಗಾಳಿಗಳು ಕಣ್ಣಮುಂದೆ ನಿಲ್ಲುವುದು ವಾಡಿಕೆ. ವಿಜಯಪುರ ಜಿಲ್ಲೆಯ ಸಿಂದಗಿ ಸೀಮೆಯಲ್ಲಿ ವಸಂತನ ಆಗಮನವು ಅಷ್ಟು ಮೃದುವಲ್ಲ. ಮೋರಟಗಿಯ ಸುತ್ತಣ ಎರೆಭೂಮಿಯಲ್ಲಿ ಜೋಳದ ಸುಗ್ಗಿ ಮುಗಿದು, ಹೊಲಗಳು ಬಿರುಕುಬಿಟ್ಟು, ಬಿಸಿಲು ನೆತ್ತಿಯನ್ನು ಸುಡತೊಡಗಿದಾಗ ಅವನು ಬರುತ್ತಾನೆ. ಆದರೂ ಅವನಿಗೆ ತಂಗಲು ಎಡೆಯಿಲ್ಲದಿಲ್ಲ. ಬಚ್ಚಲ ನೀರು ಹರಿದು ತಂಪಾದ ಹಿತ್ತಲೇ ಅವನ ಬಿಡಾರ.

ಅಂಥ ಹಿತ್ತಲಿಗೆ ದೂರದೇಶದ ಹೂಗಿಡಗಳೇ ಬೇಕೆಂದೇನೂ ಇಲ್ಲ. ಯುಗಾದಿಗೆ ಹೂ ಕೊಡುವ ಬೇವು, ಪೂಜೆಗೆ ಬಿಲ್ವ, ಒಗ್ಗರಣೆಗೆ ಕರಿಬೇವು, ಇಂಡಿ-ಸಿಂದಗಿಗಳಿಗೆ ಹೆಸರು ತಂದ ಲಿಂಬೆ, ಇಷ್ಟಿದ್ದರೆ ಸಾಕು. ಇವುಗಳಲ್ಲಿ ಕೊನೆಯ ಮೂರೂ ಒಂದೇ ಸಸ್ಯಕುಟುಂಬಕ್ಕೆ ಸೇರಿದವು. ಈ ನಂಟನ್ನು ಶಾಸ್ತ್ರಜ್ಞರಿಗಿಂತ ಮೊದಲೇ ಅರಿತ ಜೀವಿಯೊಂದುಂಟು. ಅದು ಕಪ್ಪು ರೆಕ್ಕೆಯ ಮೇಲೆ ಹಳದಿ ಮಚ್ಚೆಗಳುಳ್ಳ ಲಿಂಬೆಯ ಪಾತರಗಿತ್ತಿ. ಈ ಗಿಡಗಳ ಎಳೆಚಿಗುರನ್ನೇ ಹುಡುಕಿ ಬಂದು, ಒಂದೊಂದಾಗಿ ಮೊಟ್ಟೆಯಿಡುತ್ತದೆ. ಸುಮಾರು 3-4 ದಿನಗಳಲ್ಲಿ ಹೊರಬರುವ ಹುಳು, ನೋಡುವವರಿಗೆ ಹಕ್ಕಿಯ ಹಿಕ್ಕೆಯೇ! ವೈರಿಯ ಕಣ್ಣು ತಪ್ಪಿಸಲು ಅದು ತೊಟ್ಟ ವೇಷವದು. ಬೆಳೆದಂತೆ ಎಲೆಯ ಹಸುರನ್ನೇ ತಾಳುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೊಂಬನ್ನು ಚಾಚಿ ಕಟುವಾಸನೆ ಬೀರುತ್ತದೆ.

ಕಡಿದ ಎಲೆಗಳನ್ನು ಕಂಡ ಮನೆಯೊಡತಿಗೆ ವಿಷದ ನೆನಪಾಗುವುದು ಸಹಜವೇ. ಆದರೆ ವಿಷವು ಆ ಹುಳುವೊಂದನ್ನೇ ಆರಿಸಿ ಕೊಲ್ಲಲಾರದು. ಪಕ್ಕದ ಕೊಂಬೆಯಲ್ಲಿ ಸೂರಕ್ಕಿ ತನ್ನ ಜೋಳಿಗೆಯಂಥ ಗೂಡನ್ನು ತೂಗಹಾಕಿರಬಹುದು. ಅದನ್ನು ಹೆಣೆಯಲು ಜೇಡರ ಬಲೆಯ ಎಳೆ ಬೇಕು. ತಾನು ಹೂವಿನ ಮಧು ಹೀರಿದರೂ ಮರಿಗಳಿಗೆ ಅದು ತಂದುಣಿಸುವುದು ಕ್ರಿಮಿಕೀಟಗಳನ್ನು. ಎಲೆಯನ್ನು ಉಳಿಸಹೊರಟ ಕೈ, ಗೂಡಿನ ತುತ್ತನ್ನೇ ಕಸಿದುಕೊಂಡಂತಾಗದೆ?

ಲಿಂಬೆಯ ತೋಟವನ್ನೇ ನಂಬಿದ ರೈತನ ಚಿಂತೆ ಬೇರೆ. ಎಳೆಯ ಸಸಿಯನ್ನು ಈ ಹುಳು ಬೋಳುಮಾಡಬಲ್ಲದೆಂಬುದು ನಿಜ. ಹಿತ್ತಲಿನಲ್ಲಾದರೋ ಉಪಾಯ ಸುಲಭ. ಸಸಿಯ ಮೇಲಿನ ಹುಳುವನ್ನು ಎಲೆಸಹಿತ ಕಿತ್ತು, ಬೆಳೆದ ಲಿಂಬೆಯ ಗಿಡಕ್ಕೆ ಸೇರಿಸಿದರಾಯಿತು. ದೊಡ್ಡ ಗಿಡ ಮತ್ತೆ ಚಿಗುರೊಡೆಯುತ್ತದೆ.

ಮೊಟ್ಟೆಯಿಟ್ಟ ಸುಮಾರು ಒಂದು ತಿಂಗಳಿಗೆ, ಒಂದು ಮುಂಜಾನೆ, ಕೋಶ ಬಿರಿದು ಪಾತರಗಿತ್ತಿ ಮುದುಡಿದ ರೆಕ್ಕೆಗಳನ್ನು ಹರವಿ ಒಣಗಿಸಿಕೊಳ್ಳುತ್ತದೆ. ಮನೆಯ ಮಕ್ಕಳು ಹಲ್ಲುಜ್ಜುವುದನ್ನೂ ಮರೆತು ಸುತ್ತ ನಿಲ್ಲುತ್ತಾರೆ. ಆ ನೋಟಕ್ಕಾಗಿ ಮನೆಯವರು ತೆತ್ತದ್ದು ಲಿಂಬೆಯ ಕೆಲವೇ ಎಲೆಗಳನ್ನು.