ತರಗತಿಯ ಒಳಗೆ ಏನು ನಡೆಯುತ್ತಿದೆ? ಪೋಷಕರಿಗೆ ತಿಳಿಸುವ ಬಗೆ

ಪ್ರಾಥಮಿಕ ಶಿಕ್ಷಣದ ವಿಷಯ ಚರ್ಚೆಗೆ ಬಂದಾಗಲೆಲ್ಲ ತಂದೆತಾಯಿಯರು ಕೇಳುವ ಪ್ರಶ್ನೆಯೊಂದಿದೆ. "ಮಗನನ್ನು ಒಂದನೇ ಕ್ಲಾಸಿಗೆ ಸೇರಿಸಿ ಮೂರು ತಿಂಗಳಾಯಿತು. ಅ ಆ ಇ ಈ ಕೂಡ ಬರೆಯಲು ಬರುವುದಿಲ್ಲ. ಚೀಲ ತೆಗೆದು ನೋಡಿದರೆ ಪುಸ್ತಕವಿಲ್ಲ. ಕೇಳಿದರೆ ಹಾಡು ಹೇಳಿದೆವು, ಕಾರ್ಡು ಜೋಡಿಸಿದೆವು ಅನ್ನುತ್ತಾನೆ. ಶಾಲೆಯಲ್ಲಿ ಪಾಠ ಮಾಡುತ್ತಾರೋ ಇಲ್ಲವೋ?"

ಈ ಪ್ರಶ್ನೆಯಲ್ಲಿ ಸಿಟ್ಟಿಗಿಂತ ಆತಂಕವೇ ಹೆಚ್ಚು. ಕೇಳುವವರಲ್ಲಿ ಅನೇಕರು ತಾವು ಶಾಲೆಯನ್ನು ಅರ್ಧಕ್ಕೆ ಬಿಟ್ಟವರು. ಕೆಲವರು ಶಾಲೆಯ ಮೆಟ್ಟಿಲನ್ನೇ ಹತ್ತದವರು. ತಮಗೆ ದಕ್ಕದ ಅಕ್ಷರ ಮಕ್ಕಳಿಗಾದರೂ ದಕ್ಕಲಿ ಎಂಬ ಆಸೆ ಅವರದು. ಸಮಾಧಾನಕರ ಉತ್ತರ ಸಿಗದಿದ್ದರೆ ಅವರು ಶಾಲೆಯೊಡನೆ ಜಗಳಕ್ಕೇನೂ ನಿಲ್ಲುವುದಿಲ್ಲ. ಮುಂದಿನ ಜೂನ್ ಹೊತ್ತಿಗೆ ಸಾಲ ಮಾಡಿಯಾದರೂ ಮಗುವನ್ನು ವ್ಯಾನು ಬರುವ ಶಾಲೆಗೆ ಸೇರಿಸಿಬಿಡುತ್ತಾರೆ. ಮಗು ಕಲಿಯುತ್ತಿತ್ತೋ ಇಲ್ಲವೋ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಹಿಂದೆ ಈ ತೊಡಕು ಇರಲಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಮಕ್ಕಳು ಪಡಸಾಲೆಯಲ್ಲಿ ಸಾಲಾಗಿ ಕುಳಿತು ಮಗ್ಗಿ ಹೇಳುತ್ತಿದ್ದರು. ಓದು ಬಾರದ ತಾಯಿಯೂ ಒಲೆಯ ಮುಂದೆ ಕುಳಿತೇ ಮಗ ಹದಿಮೂರರ ಮಗ್ಗಿಯಲ್ಲಿ ಎಲ್ಲಿ ತಡವರಿಸಿದ ಎಂಬುದನ್ನು ಗುರುತಿಸುತ್ತಿದ್ದಳು. ಬಾಯಿಪಾಠದಲ್ಲಿ ಕೊರತೆಗಳು ಬಹಳ. ಅದನ್ನು ಮರಳಿ ತರಬೇಕೆಂದು ಯಾರೂ ಹೇಳುವುದಿಲ್ಲ. ಆದರೆ ಅದಕ್ಕೊಂದು ಗುಣವಿತ್ತು. ಕಲಿತದ್ದು ಮನೆಯವರ ಕಿವಿಗೆ ಬೀಳುತ್ತಿತ್ತು. ಸ್ಲೇಟಿನ ಮೇಲೆ ತಿದ್ದಿದ ಅಕ್ಷರ ಕಣ್ಣಿಗೆ ಕಾಣುತ್ತಿತ್ತು. ಇಂದಿನ ಚಟುವಟಿಕೆ ಆಧಾರಿತ ಕಲಿಕೆಯಲ್ಲಿ ಮಗು ಕಲಿಯುವುದು ಹೆಚ್ಚಿರಬಹುದು, ಆದರೆ ಆ ಕಲಿಕೆ ಶಾಲೆಯ ಗೋಡೆಯ ಒಳಗೇ ಉಳಿಯುತ್ತದೆ. ಅದನ್ನು ಮನೆಗೆ ಮುಟ್ಟಿಸುವ ಕೆಲಸವನ್ನು ಯಾರಾದರೂ ಬೇರೆಯಾಗಿಯೇ ಮಾಡಬೇಕಾಗುತ್ತದೆ.

ನಮ್ಮ ರಾಜ್ಯದ 'ನಲಿ-ಕಲಿ'ಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇದು ಆರಂಭವಾದದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಯುನಿಸೆಫ್ ನೆರವಿನೊಂದಿಗೆ. ಕಾಡಂಚಿನ ಊರುಗಳು, ಹಾಡಿಗಳು, ಒಬ್ಬರೇ ಮೇಷ್ಟ್ರು ಎರಡು ಮೂರು ತರಗತಿಗಳನ್ನು ಒಟ್ಟಿಗೆ ನೋಡಿಕೊಳ್ಳಬೇಕಾದ ಪುಟ್ಟ ಶಾಲೆಗಳು ಇರುವ ಸೀಮೆ ಅದು. ಅಲ್ಲಿನ ಶಿಕ್ಷಕರು ಆಂಧ್ರಪ್ರದೇಶದ ಮದನಪಲ್ಲಿ ಬಳಿಯ ಋಷಿವ್ಯಾಲಿಗೆ ಹೋಗಿ, ಸುತ್ತಲಿನ ಹಳ್ಳಿ ಮಕ್ಕಳಿಗಾಗಿ ಅಲ್ಲಿ ನಡೆಯುತ್ತಿದ್ದ ಬಹುವರ್ಗ ಶಾಲೆಗಳನ್ನು ನೋಡಿ ಬಂದರು. ಬಂದ ಮೇಲೆ ನಮ್ಮ ಪಠ್ಯಕ್ಕೆ, ನಮ್ಮ ಭಾಷೆಗೆ ಹೊಂದುವಂತೆ ಕಾರ್ಡುಗಳನ್ನು ತಾವೇ ಕುಳಿತು ಸಿದ್ಧಪಡಿಸಿದರು. ಶಿಕ್ಷಕರ ಕೈಯಿಂದಲೇ ರೂಪುಗೊಂಡ ಪದ್ಧತಿಗಳು ನಮ್ಮಲ್ಲಿ ಅಪರೂಪ. ಮುಂದೆ 2009-10ನೇ ಸಾಲಿನಲ್ಲಿ ಇದನ್ನು ರಾಜ್ಯದ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳ ಒಂದು ಮತ್ತು ಎರಡನೇ ತರಗತಿಗಳಿಗೆ ವಿಸ್ತರಿಸಲಾಯಿತು. ಅನಂತರ ಮೂರನೇ ತರಗತಿಯೂ ಸೇರಿತು.

ಈಗ ಪೋಷಕರ ಮೊದಲ ದೂರಿಗೆ ಬರೋಣ. ಮಗುವಿಗೆ ಅ ಆ ಇ ಈ ಏಕೆ ಬರುವುದಿಲ್ಲ? ನಲಿ-ಕಲಿಯಲ್ಲಿ ಅಕ್ಷರ ಕಲಿಕೆ ವರ್ಣಮಾಲೆಯ ಕ್ರಮದಲ್ಲಿ ನಡೆಯುವುದಿಲ್ಲ. ಮೊದಲು ಬರುವುದು ರ, ಗ, ಸ, ದ, ಅ ಎಂಬ ಐದು ಅಕ್ಷರಗಳು. ಇದಕ್ಕೆ ಕಾರಣವಿದೆ. ಇವು ಬರೆಯಲು ಸುಲಭವಾದ, ಒಂದರ ತಿರುವು ಇನ್ನೊಂದಕ್ಕೆ ಹೋಲುವ ಅಕ್ಷರಗಳು. ಅದಕ್ಕಿಂತ ಮುಖ್ಯವಾಗಿ, ಈ ಐದನ್ನು ಕಲಿತ ಮಗು ಅಂದೇ ಪದಗಳನ್ನು ಓದಬಲ್ಲದು. ಸರ, ದರ, ರಸ, ಅರಸ, ಅಗಸ, ದಸರ, ಗರಗಸ. ಸ್ವರಗಳಿಂದಲೇ ಆರಂಭಿಸಿದರೆ ಹೀಗಾಗುವುದಿಲ್ಲ. ಕನ್ನಡದಲ್ಲಿ ಸ್ವರಾಕ್ಷರ ಪದದ ಮೊದಲಲ್ಲಿ ಬರುತ್ತದೆಯೇ ಹೊರತು ನಡುವೆ ಬರುವುದು ತೀರ ವಿರಳ. ಅಲ್ಲೆಲ್ಲ ಅದು ಗುಣಿತದ ಚಿಹ್ನೆಯಾಗಿ ವ್ಯಂಜನದೊಳಗೆ ಸೇರಿಕೊಂಡಿರುತ್ತದೆ. ಆದ್ದರಿಂದ ಅ ಆ ಇ ಈ ಎಂದು ಕೊನೆಯವರೆಗೂ ತಿದ್ದಿದ ಮಗು 'ಆ', 'ಈ' ಎಂಬುದನ್ನು ಬಿಟ್ಟರೆ ಹೆಚ್ಚೇನನ್ನೂ ಓದಲಾರದು. ಎರಡನೆಯ ಗುಂಪಿನಲ್ಲಿ ಜ, ವ, ಮ, ಬ, ನ ಬರುತ್ತವೆ. ಈ ಹತ್ತು ಅಕ್ಷರ ಕೈಗೆ ಬಂದರೆ ಮರ, ಜನ, ದನ, ಬಸವ, ಗಮನ ಎಂಬ ಪದಗಳಷ್ಟೇ ಅಲ್ಲ, 'ಬಸವನ ದನ', 'ಅವರ ಮರ' ಎಂದು ಜೋಡಿಸಿ ಓದುವುದೂ ಸಾಧ್ಯ. ಒಂದು ದೀರ್ಘವಿಲ್ಲ, ಒತ್ತಕ್ಷರವಿಲ್ಲ. ಆದರೂ ಮಗು ಓದುತ್ತಿದೆ.

ಇಷ್ಟನ್ನು ತಿಳಿಸಿದರೆ ಆ ತಂದೆಯ ಪ್ರಶ್ನೆಯೇ ಬದಲಾಗುತ್ತದೆ. 'ಅ ಆ ಇ ಈ ಬರೆ' ಎಂದು ಮಗನನ್ನು ಗದರಿಸುವ ಬದಲು ಬಸ್ಸಿನ ಬೋರ್ಡಿನಲ್ಲಿ, ಅಂಗಡಿಯ ಫಲಕದಲ್ಲಿ 'ರ' ಎಲ್ಲಿದೆ ತೋರಿಸು ಎಂದು ಕೇಳಬಹುದು. ತಿಳಿಸದಿದ್ದರೆ? ಮನೆಯಲ್ಲಿ ಒಂದು ಕ್ರಮ, ಶಾಲೆಯಲ್ಲಿ ಇನ್ನೊಂದು ಕ್ರಮ. ನಡುವೆ ಆರು ವರ್ಷದ ಮಗು. ಮನೆಯಲ್ಲಿ ಹೊಡೆದು ಕಲಿಸುವ ಅ ಆ ಇ ಈ ಮತ್ತು ಶಾಲೆಯಲ್ಲಿ ನಲಿಯುತ್ತಾ ಕಲಿಯುವ ರ ಗ ಸ ದ ಎರಡೂ ಸರಿಯಾಗಿ ನಿಲ್ಲದೆ ಹೋಗುವ ಅಪಾಯವಿದೆ.

ಎರಡನೆಯ ದೂರು ಪುಸ್ತಕದ್ದು. ಕಲಿಕಾ ಕಾರ್ಡುಗಳು ಶಾಲೆಯಲ್ಲೇ ಇರುತ್ತವೆ. ಪ್ರತಿ ಕಾರ್ಡಿಗೂ ಒಂದು ಚಿಹ್ನೆ, ಒಂದು ಸಂಖ್ಯೆ. ಗೋಡೆಯ ಮೇಲೆ ಕಲಿಕಾ ಏಣಿ ಇರುತ್ತದೆ. ಅದರಲ್ಲಿ ತನ್ನ ಮೆಟ್ಟಿಲು ಯಾವುದೆಂದು ನೋಡಿಕೊಂಡು ಮಗು ತಾನೇ ಹೋಗಿ ತನ್ನ ಕಾರ್ಡನ್ನು ತೆಗೆದುಕೊಳ್ಳುತ್ತದೆ. ಕೆಲವು ಮೆಟ್ಟಿಲು ಸೇರಿ ಒಂದು ಮೈಲಿಗಲ್ಲು. ಮಕ್ಕಳು ನೆಲದ ಮೇಲೆ ಗುಂಪುಗಳಾಗಿ ಕೂರುತ್ತಾರೆ. ಈ ಗುಂಪುಗಳಿಗೆ 'ತಟ್ಟೆ' ಎಂದು ಹೆಸರು. ಶಿಕ್ಷಕರ ಪೂರ್ಣ ನೆರವು ಬೇಕಾದವರು ಒಂದು ಕಡೆ, ಸ್ವಲ್ಪ ನೆರವು ಸಾಕೆನ್ನುವವರು ಇನ್ನೊಂದು ಕಡೆ, ಗೆಳೆಯರ ಸಹಾಯದಿಂದ ಮಾಡುವವರು, ತಾನೇ ಮಾಡಬಲ್ಲವರು, ಹೀಗೆ. ಒಂದನೇ ತರಗತಿಯವನೂ ಮೂರನೇ ತರಗತಿಯವಳೂ ಒಂದೇ ಕೋಣೆಯಲ್ಲಿ ಇರಬಹುದು. ಹೊರಗೆ ನಿಂತು ನೋಡುವ ಪೋಷಕರ ಕಣ್ಣಿಗೆ ಕಾಣುವುದೇನು? ಸಾಲಾಗಿ ಕೂರದ ಮಕ್ಕಳು, ಗದ್ದಲ, ಮೂಲೆಯಲ್ಲಿ ನಾಲ್ಕು ಮಕ್ಕಳೊಂದಿಗೆ ನೆಲದ ಮೇಲೆ ಕುಳಿತ ಟೀಚರು. ಶಾಲೆಯೆಂದರೆ ಕೈಕಟ್ಟಿ ಕೂರುವುದು ಎಂದು ತಿಳಿದವರಿಗೆ ಇದು ಅಶಿಸ್ತಿನಂತೆ ಕಂಡರೆ ಅವರ ತಪ್ಪಲ್ಲ.

ಗಣಿತದಲ್ಲೂ ಹೀಗೆಯೇ. ಹತ್ತು ಕಡ್ಡಿಗಳನ್ನು ದಾರದಿಂದ ಕಟ್ಟಿ ಒಂದು ಕಟ್ಟು ಮಾಡಿ, ಪಕ್ಕದಲ್ಲಿ ಮೂರು ಬಿಡಿ ಕಡ್ಡಿ ಇಟ್ಟ ಮಗು ಹದಿಮೂರು ಎಂಬುದರ ಒಳಗನ್ನು ಅರಿಯುತ್ತಿದೆ. ಮನೆಗೆ ಬಂದು ಅದು ಹೇಳುವುದು ಮಾತ್ರ "ಕಡ್ಡಿ ಆಟ ಆಡಿದೆವು" ಎಂದು.

ಪೋಷಕರಿಗೆ ಇದನ್ನೆಲ್ಲ ತಿಳಿಸುವುದು ಶಿಕ್ಷಕರ ಸೌಜನ್ಯಕ್ಕೆ ಬಿಟ್ಟ ವಿಷಯವಲ್ಲ ಎಂಬುದನ್ನು ಇಲ್ಲಿ ಹೇಳಬೇಕು. 2009ರ ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರ 24ನೇ ಪ್ರಕರಣ ಶಿಕ್ಷಕರ ಕರ್ತವ್ಯಗಳನ್ನು ಪಟ್ಟಿ ಮಾಡುತ್ತದೆ. ತಂದೆತಾಯಿಯರೊಂದಿಗೆ ನಿಯತವಾಗಿ ಸಭೆ ನಡೆಸಿ, ಮಗುವಿನ ಹಾಜರಾತಿ, ಕಲಿಯುವ ಸಾಮರ್ಥ್ಯ, ಕಲಿಕೆಯಲ್ಲಿ ಆಗಿರುವ ಪ್ರಗತಿಗಳನ್ನು ಅವರಿಗೆ ತಿಳಿಸಬೇಕೆಂಬುದು ಅವುಗಳಲ್ಲಿ ಒಂದು. ನಮ್ಮ ರಾಜ್ಯದಲ್ಲಿ ಅದಕ್ಕೂ ಮೊದಲೇ, 2001ರಲ್ಲಿ, ಪೋಷಕರೇ ಸದಸ್ಯರಾಗಿರುವ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಬಂದಿದ್ದವು. ಆದರೆ ಸಮಿತಿಯ ಸಭೆಗಳಲ್ಲಿ ಮಾತೆಲ್ಲ ಸಾಮಾನ್ಯವಾಗಿ ಕಾಂಪೌಂಡು, ಶೌಚಾಲಯ, ಬಿಸಿಯೂಟಗಳ ಸುತ್ತಲೇ ಮುಗಿಯುತ್ತದೆ. ಅವೂ ಬೇಕಾದವೇ. ಆದರೂ 'ನಮ್ಮ ಮಕ್ಕಳು ಓದುವುದನ್ನು ಹೇಗೆ ಕಲಿಯುತ್ತಾರೆ' ಎಂಬ ವಿಷಯಕ್ಕೆ ವರ್ಷಕ್ಕೆ ಒಂದು ಗಂಟೆಯಾದರೂ ಮೀಸಲಿಡಬಾರದೇ?

ಹಾಗಾದರೆ ತಿಳಿಸುವುದು ಹೇಗೆ? ಪೋಷಕರನ್ನು ಬೆಂಚಿನ ಮೇಲೆ ಕೂರಿಸಿ ಭಾಷಣ ಮಾಡುವುದರಿಂದ ಪ್ರಯೋಜನ ಕಡಿಮೆ. ಜೂನ್ ತಿಂಗಳ ಮೊದಲ ಸಭೆಯನ್ನು ತರಗತಿಯ ಕೋಣೆಯಲ್ಲೇ, ಮಕ್ಕಳು ಕೂರುವ ಜಾಗದಲ್ಲೇ ನಡೆಸಬೇಕು. ಐದು ಅಕ್ಷರಗಳ ಮಿಂಚುಪಟ್ಟಿಗಳನ್ನು ಪೋಷಕರ ಕೈಗೇ ಕೊಟ್ಟು ಪದ ಕಟ್ಟಲು ಹೇಳಬೇಕು. ಓದು ಬಾರದ ತಾಯಿಯ ಪಕ್ಕದಲ್ಲಿ ಆಕೆಯ ಮಗಳನ್ನೇ ಕೂರಿಸಿ ತೋರಿಸಲು ಬಿಡಬೇಕು. ಮಗಳು 'ಸರ' ಎಂದು ಓದಿ ತಾಯಿಯ ಕೊರಳನ್ನು ತೋರಿಸಿದರೆ, ಶಿಕ್ಷಕರು ಅರ್ಧ ಗಂಟೆ ವಿವರಿಸಬೇಕಾದದ್ದು ಆ ಒಂದು ಗಳಿಗೆಯಲ್ಲಿ ಮುಗಿಯುತ್ತದೆ.

ಸಭೆಯ ದಿನ ಮತ್ತು ಹೊತ್ತು ಸಣ್ಣ ವಿಷಯವಲ್ಲ. ಕೂಲಿಗೆ ಹೋಗುವವರಿಗೆ ಹನ್ನೊಂದು ಗಂಟೆಯ ಸಭೆಯೆಂದರೆ ಒಂದು ದಿನದ ಕೂಲಿ ಖೋತಾ. ಹೀಗೆ ಬಾರದೆ ಉಳಿದವರನ್ನು 'ಮಕ್ಕಳ ಬಗ್ಗೆ ಕಾಳಜಿಯಿಲ್ಲದವರು' ಎಂದು ಬರೆದುಬಿಡುವುದು ಅನ್ಯಾಯ. ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡದ ಊರುಗಳಿವೆ. ಅಲ್ಲಿ ಸೋಮವಾರ ಸಂಜೆ ಜನ ಸಿಗುತ್ತಾರೆ. ನಾಟಿಯ ಕಾಲದಲ್ಲಿ ಯಾವ ದಿನ ಕರೆದರೂ ಬರಲಾರರು. ಇದು ಆಯಾ ಊರಿನ ಶಿಕ್ಷಕರಿಗೇ ಚೆನ್ನಾಗಿ ತಿಳಿದಿರುವ ಸಂಗತಿ. ಮೇಲಿನಿಂದ ಬರುವ ಸುತ್ತೋಲೆಗೆ ತಿಳಿದಿರುವುದಿಲ್ಲ.

ಕೋಣೆಯ ಗೋಡೆಯ ಮೇಲಿನ 'ಪ್ರಗತಿ ನೋಟ'ವನ್ನು ಓದುವ ಬಗೆಯನ್ನೂ ಹೇಳಿಕೊಡಬೇಕು. ಅದರಲ್ಲಿ ಮಕ್ಕಳ ಹೆಸರು, ಎದುರಿಗೆ ಅವರು ದಾಟಿದ ಮೈಲಿಗಲ್ಲುಗಳ ಗುರುತು ಇರುತ್ತದೆ. ಪೋಷಕರು ಅದನ್ನು ನೋಡಿದೊಡನೆ ಮಾಡುವುದು ಒಂದೇ ಕೆಲಸ: ಪಕ್ಕದ ಮನೆಯ ಮಗು ಎಲ್ಲಿದೆ ಎಂದು ಹುಡುಕುವುದು. ರ್ಯಾಂಕಿನ ಲೆಕ್ಕದಲ್ಲಿ ಬೆಳೆದ ನಮಗೆ ಅದು ಸಹಜ. ಇಲ್ಲಿ ನೋಡಬೇಕಾದದ್ದು ಅದೇ ಮಗು ಕಳೆದ ತಿಂಗಳು ಎಲ್ಲಿತ್ತು, ಈ ತಿಂಗಳು ಎಲ್ಲಿದೆ ಎಂಬುದನ್ನು. ನಡುವೆ ಹದಿನೈದು ದಿನ ಜ್ವರ ಬಂದು ಮಲಗಿದ್ದ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಮುಂದುವರಿಯುತ್ತದೆ, ಪಾಠ ಅದನ್ನು ಬಿಟ್ಟು ಮುಂದೆ ಹೋಗಿರುವುದಿಲ್ಲ. ಈ ಪದ್ಧತಿಯ ದೊಡ್ಡ ಅನುಕೂಲ ಇದು. ಹಾಗೆಂದು ಒಂದೇ ಮೆಟ್ಟಿಲಲ್ಲಿ ತಿಂಗಳುಗಟ್ಟಲೆ ನಿಂತ ಮಗುವಿನ ವಿಷಯವನ್ನು 'ತನ್ನ ವೇಗದಲ್ಲಿ ಕಲಿಯುತ್ತಿದೆ' ಎಂಬ ಮಾತಿನಿಂದ ಮುಚ್ಚಿಡಬಾರದು. ಪೋಷಕರು ಆ ಬಗ್ಗೆ ಕೇಳುವುದು ನ್ಯಾಯವೇ.

'ಸಮುದಾಯದತ್ತ ಶಾಲೆ' ಕಾರ್ಯಕ್ರಮದ ಉದ್ದೇಶವೂ ಇದೇ: ಮಕ್ಕಳ ಕಲಿಕೆಯನ್ನು ಊರಿನವರ ಮುಂದೆ ಇಡುವುದು. ಅದು ಹಾರ, ಸ್ವಾಗತ, ವಂದನಾರ್ಪಣೆಗಳಲ್ಲಿ ಮುಗಿಯದೆ, ಪ್ರತಿ ಮಗುವೂ ತನ್ನ ಮನೆಯವರ ಮುಂದೆ ನಾಲ್ಕು ಸಾಲು ಓದಿದರೆ ಸಾರ್ಥಕ. ಮಕ್ಕಳ ಸಂತೆ ಈ ದೃಷ್ಟಿಯಿಂದ ಬಹಳ ಒಳ್ಳೆಯ ಏರ್ಪಾಡು. ಮನೆಯ ಹಿತ್ತಲಿನ ಸೊಪ್ಪು, ನಿಂಬೆಹಣ್ಣು ತಂದು ಮಕ್ಕಳೇ ಮಾರುತ್ತಾರೆ. ತಾಯಂದಿರೇ ಗಿರಾಕಿಗಳು. ಹನ್ನೆರಡು ರೂಪಾಯಿಯ ಸೊಪ್ಪಿಗೆ ಇಪ್ಪತ್ತರ ನೋಟು ಕೊಟ್ಟಾಗ ಮಗಳು ಎಂಟು ರೂಪಾಯಿ ಎಣಿಸಿ ಕೊಟ್ಟರೆ, ಕಳೆಯುವ ಲೆಕ್ಕ ಬಂದಿದೆಯೆಂಬುದಕ್ಕೆ ಬೇರೆ ಅಂಕಪಟ್ಟಿ ಬೇಕಿಲ್ಲ.

2020ರಲ್ಲಿ ಕೋವಿಡ್‌ನಿಂದ ಶಾಲೆಗಳು ಮುಚ್ಚಿದಾಗ 'ವಿದ್ಯಾಗಮ' ಕಾರ್ಯಕ್ರಮದಡಿ ಶಿಕ್ಷಕರು ಊರೊಳಗೆ ಬಂದು, ದೇವಸ್ಥಾನದ ಜಗಲಿ, ಮರದ ನೆರಳುಗಳಲ್ಲಿ ಪಾಠ ಮಾಡಿದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅದನ್ನು ಕೆಲಕಾಲ ನಿಲ್ಲಿಸಬೇಕಾಯಿತು. ಕಷ್ಟದ ದಿನಗಳೇ ಅವು. ಆದರೂ ಪಾಠವೆಂಬುದು ಗೋಡೆಯ ಆಚೆಯಿಂದ ಬಂದು ಹಾದಿಹೋಕರ ಕಣ್ಣಿಗೂ ಬಿತ್ತು.

ಈಗ ಮೊಬೈಲ್ ಬಂದಿದೆ, ವಾಟ್ಸಾಪ್ ಗುಂಪುಗಳಿವೆ. ಸಾಲು ಸಾಲು ಫೋಟೋಗಳು ಬರುತ್ತವೆ. ಮಕ್ಕಳು ಬಣ್ಣ ಹಚ್ಚುತ್ತಿರುವುದು ಕಾಣುತ್ತದೆ. ಏಕೆ ಹಚ್ಚುತ್ತಿದ್ದಾರೆ ಎಂಬುದು ಕಾಣುವುದಿಲ್ಲ. 'ಇಂದು ಜ, ವ, ಮ ಅಕ್ಷರಗಳನ್ನು ಗುರುತಿಸಿ ಬಣ್ಣ ಹಚ್ಚಿದರು, ಮನೆಯಲ್ಲಿ ಈ ಅಕ್ಷರಗಳಿಂದ ಒಂದು ಪದ ಹೇಳಿಸಿ' ಎಂಬ ಒಂದು ಸಾಲು ಜೊತೆಗಿದ್ದರೆ ಸಾಕು. ಓದಲಾರದವರಿಗೆ ಶಿಕ್ಷಕರು ಅದನ್ನೇ ಧ್ವನಿಯಲ್ಲಿ ಹೇಳಿ ಕಳಿಸಬಹುದು.

ಇನ್ನೊಂದು ಮಾತು. ಶಾಲೆಯಿಂದ ಕರೆ ಬಂದರೆ ಬೈಗುಳ ಕೇಳಲೇಬೇಕು ಎಂಬ ಭಯ ಅನೇಕ ಪೋಷಕರಲ್ಲಿದೆ. ಸರ್ಕಾರಿ ಶಾಲೆಯಾಗಲಿ, ದುಬಾರಿ ಶುಲ್ಕದ ಶಾಲೆಯಾಗಲಿ, ಮಗು ತಪ್ಪು ಮಾಡಿದಾಗ ಮಾತ್ರ ಮನೆಯವರ ನೆನಪಾಗುವ ಅಭ್ಯಾಸ ಎಲ್ಲ ಕಡೆಯೂ ಇದೆ. ಮೊದಲ ಭೇಟಿಯಲ್ಲೇ ಮಗು ಏನು ಮಾಡಬಲ್ಲದು ಎಂಬುದನ್ನು ತೋರಿಸಿದ ಶಿಕ್ಷಕರು ಮುಂದೆ ಅದರ ತೊಂದರೆ ಹೇಳಿದರೂ ಪೋಷಕರು ಕೇಳುತ್ತಾರೆ.

ಪೋಷಕರು ತಾವಾಗಿಯೇ ಮಾಡಬಹುದಾದದ್ದೂ ಇದೆ. ಸಂಜೆ ಮಗು ಬಂದೊಡನೆ "ಇವತ್ತು ಏನು ಹೇಳಿಕೊಟ್ಟರು?" ಎಂದು ಕೇಳಿದರೆ "ಏನೂ ಇಲ್ಲ" ಎಂಬುದೇ ಉತ್ತರ. "ಯಾವ ತಟ್ಟೆಯಲ್ಲಿ ಕೂತಿದ್ದೆ? ಪಕ್ಕದಲ್ಲಿ ಯಾರಿದ್ದರು? ನಿನ್ನ ಕಾರ್ಡಿನಲ್ಲಿ ಯಾವ ಚಿತ್ರವಿತ್ತು?" ಎಂದು ಕೇಳಿ ನೋಡಿ. ಜೂನ್‌ನಲ್ಲಿ ಮಗು ಬರೆದ ಮೊದಲ ಹಾಳೆಯನ್ನು ಎಸೆಯದೆ, ತಾರೀಖು ಹಾಕಿ ಎತ್ತಿಡಿ. ಶಾಲೆಯಲ್ಲಿ ಶಿಕ್ಷಕರೂ ಮಕ್ಕಳ ಕೆಲಸಗಳನ್ನು ಹೀಗೆ ಕಡತ ಮಾಡಿ ಇಟ್ಟಿರುತ್ತಾರೆ, ಕೇಳಿದರೆ ತೋರಿಸುತ್ತಾರೆ. ದಸರಾ ರಜೆಗೆ ಮುಂಚೆ ಒಮ್ಮೆ, ಮಾರ್ಚಿನಲ್ಲಿ ಇನ್ನೊಮ್ಮೆ ಹೋಗಿ ಆ ಹಾಳೆಗಳನ್ನು ಮಗುವಿನ ಎದುರಿನಲ್ಲೇ ತೆಗೆಸಿ, ಅದರ ಬಾಯಿಂದಲೇ ಓದಿಸಿ ಕೇಳಿ.