ಗೋಬಿ ಮಂಚೂರಿಯ ಬಾಣಲೆ ಮತ್ತು ಬಣ್ಣ

ದೊಡ್ಡ ನಗರಗಳಲ್ಲಿ ಚೀನೀಯರು ಒಟ್ಟಾಗಿ ನೆಲೆಸಿದ ಕೇರಿಗೆ ‘ಚೈನಾಟೌನ್’ ಎಂಬ ಹೆಸರು ಬರುವುದು ವಾಡಿಕೆ. ನಮ್ಮ ದೇಶದಲ್ಲಿ ಅಂತಹ ನೆಲೆಗಳು ಮುಖ್ಯವಾಗಿ ಕೊಲ್ಕತ್ತೆಯಲ್ಲಿವೆ. ಹದಿನೆಂಟನೆಯ ಶತಮಾನದ ಕೊನೆಯ ಭಾಗದಿಂದ ಅಲ್ಲಿಗೆ ಬರತೊಡಗಿದ ಚೀನೀಯರು ಟಿರೆಟ್ಟಾ ಬಜಾರಿನಲ್ಲಿಯೂ, ಚರ್ಮ ಹದಮಾಡುವ ಹಕ್ಕಾ ಜನರು ಟ್ಯಾಂಗ್ರಾದಲ್ಲಿಯೂ ಬೀಡುಬಿಟ್ಟರು. ಅವರ ಅಡಿಗೆಯು ನಮ್ಮ ಮೆಣಸಿನಕಾಯಿ, ಬೆಳ್ಳುಳ್ಳಿಗಳೊಡನೆ ಬೆರೆತು ಒಂದು ಹೊಸ ಪಾಕಕ್ರಮವೇ ಹುಟ್ಟಿತು. ಕೊಲ್ಕತ್ತೆಯಲ್ಲಿ ಹುಟ್ಟಿ ಮುಂಬಯಿಗೆ ಬಂದ ನೆಲ್ಸನ್ ವಾಂಗ್ ಎಂಬ ಪಾಕಪ್ರವೀಣರು 1975ರಲ್ಲಿ ಕೋಳಿಮಾಂಸದ ‘ಮಂಚೂರಿಯನ್’ ಖಾದ್ಯವನ್ನು ಮೊದಲು ಸಿದ್ಧಪಡಿಸಿದರೆಂದು ಪ್ರತೀತಿ. ಮಂಚೂರಿಯಾ ಪ್ರಾಂತಕ್ಕೂ ಇದಕ್ಕೂ ಹೆಸರಿನ ನಂಟು ಮಾತ್ರ. ಕೋಳಿಯ ಸ್ಥಾನದಲ್ಲಿ ಹೂಕೋಸು ಬಂದು ಅದೇ ‘ಗೋಬಿ ಮಂಚೂರಿ’ಯಾಯಿತು.

ಬೆಂಗಳೂರಿನಲ್ಲಿ ಚೈನಾಟೌನ್ ಎಂಬ ಕೇರಿಯಿಲ್ಲ. ಆದರೆ ನಗರದ ಪಶ್ಚಿಮಕ್ಕಿರುವ ಶ್ರೀಗಂಧದ ಕಾವಲ್, ಸುಂಕದಕಟ್ಟೆ, ನಾಗರಭಾವಿಗಳ ಬೀದಿಗಳಲ್ಲಿ ಸಂಜೆಯ ಹೊತ್ತು ನಡೆದವರಿಗೆ ಆ ಕೊರತೆ ತೋರದು. ತಳ್ಳುಗಾಡಿಗಳ ಮೇಲೆ ಒಲೆ ಭೋರ್ಗರೆಯುತ್ತಿರುತ್ತದೆ. ಬಾಣಲೆಯಿಂದ ಅನ್ನ ಮೇಲಕ್ಕೆ ಹಾರಿ ಮರಳಿ ಬೀಳುತ್ತಿರುತ್ತದೆ. ಈ ನೋಟದಲ್ಲಿ ಭೌತಶಾಸ್ತ್ರದ ಪಾಠಗಳು ಹಲವು ಅಡಗಿವೆ.

ಮೊದಲನೆಯ ಪ್ರಶ್ನೆ: ಒಲೆಗೆ ಅಷ್ಟು ಉಗ್ರವಾದ ಉರಿ ಏತಕ್ಕೆ? ಹೂಕೋಸಿನ ತೂಕದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಭಾಗ ನೀರೇ. ಒಂದು ಗ್ರಾಂ ನೀರನ್ನು 0 ಡಿಗ್ರಿಯಿಂದ 100 ಡಿಗ್ರಿ ಸೆಂಟಿಗ್ರೇಡಿಗೆ ಏರಿಸಲು ಸುಮಾರು 100 ಕ್ಯಾಲೊರಿ ಶಾಖ ಸಾಕು. ಆದರೆ ಕುದಿಯುವ ಅದೇ ನೀರನ್ನು ಆವಿಯಾಗಿಸಲು ಇನ್ನೂ 540 ಕ್ಯಾಲೊರಿಗಳಷ್ಟು ಶಾಖ ಬೇಕು. ಇದೇ ಗುಪ್ತೋಷ್ಣ. ನೀರು ಇರುವವರೆಗೆ ಪದಾರ್ಥದ ಉಷ್ಣತೆ ಕುದಿಬಿಂದುವನ್ನು ದಾಟಲಾರದು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಂತೂ ನೀರು ಸುಮಾರು 97 ಡಿಗ್ರಿಯಲ್ಲಿಯೇ ಕುದಿಯುತ್ತದೆ. ಉರಿ ಸಣ್ಣದಾಗಿದ್ದು ಬಾಣಲೆ ತುಂಬ ತರಕಾರಿ ಸುರಿದರೆ, ಒಸರುವ ನೀರೇ ಶಾಖವನ್ನೆಲ್ಲ ನುಂಗಿಬಿಡುತ್ತದೆ. ತರಕಾರಿ ಹುರಿಯುವುದಿಲ್ಲ, ಬೇಯುತ್ತದೆ. ಆದುದರಿಂದಲೇ ನಿಪುಣನಾದವನು ತೆಳುವಾದ ಕಬ್ಬಿಣದ ಬಾಣಲೆಯಲ್ಲಿ ಸ್ವಲ್ಪಸ್ವಲ್ಪವಾಗಿ, ದೊಡ್ಡ ಉರಿಯಲ್ಲಿ ಹುರಿಯುತ್ತಾನೆ.

ಅಷ್ಟು ಬಿಸಿಯಲ್ಲಿ ಅನ್ನ ಸೀಯಬೇಡವೇ? ಸೀಯದಂತೆ ಕಾಯುವುದು ಆ ಹಾರಾಟವೇ. ಬಾಣಲೆಗೆ ತಾಗಿದಾಗ ಅಗುಳು ಬಿಸಿಯಾಗುತ್ತದೆ. ಗಾಳಿಗೆ ಹಾರಿದಾಗ ಆವಿಯನ್ನು ಬಿಟ್ಟು ತಣಿಯುತ್ತದೆ. ಅಮೆರಿಕದ ಜಾರ್ಜಿಯಾ ತಾಂತ್ರಿಕ ಸಂಸ್ಥೆಯ ವಿಜ್ಞಾನಿಗಳು ಚೀನೀ ಪಾಕಶಾಲೆಗಳ ಚಲಚ್ಚಿತ್ರಗಳನ್ನು ಅಳೆದು, ಒಂದೊಂದು ಎಸೆತಕ್ಕೆ ಸುಮಾರು ಮೂರನೆಯ ಒಂದು ಸೆಕೆಂಡ್ ಹಿಡಿಯುವುದೆಂದು 2020ರಲ್ಲಿ ಪ್ರಕಟಿಸಿದರು.

ಇನ್ನು ಗೋಬಿಯ ಗರಿಗರಿ. ಮೈದಾ ಮತ್ತು ಮೆಕ್ಕೆಜೋಳದ ಹಿಟ್ಟಿನ ಲೇಪವುಳ್ಳ ಹೂಕೋಸನ್ನು ಸುಮಾರು 180 ಡಿಗ್ರಿಯ ಎಣ್ಣೆಗೆ ಬಿಟ್ಟೊಡನೆ ಗುಳ್ಳೆಗಳು ಎದ್ದೇಳುತ್ತವೆ. ಎಣ್ಣೆ ಕುದಿಯುವುದೆಂದು ಹಲವರು ತಿಳಿದಿರುವರು; ನಿಜವಾಗಿ ಅದು ಲೇಪದ ನೀರು ಆವಿಯಾಗಿ ಹೊರಹೊಮ್ಮುವ ಪರಿ. ಹೊರಮೈಯ ನೀರು ಕಳೆದ ಮೇಲೆ ಅಲ್ಲಿನ ಉಷ್ಣತೆ ಮೇಲೇರುತ್ತದೆ. ಸುಮಾರು 140 ಡಿಗ್ರಿ ಮೀರಿದಾಗ ಪಿಷ್ಟ ಪದಾರ್ಥದಲ್ಲಿನ ಸಕ್ಕರೆಯೂ ಪ್ರೋಟೀನಿನ ಅಮೈನೊ ಆಮ್ಲಗಳೂ ವೇಗವಾಗಿ ಸಂಯೋಗಗೊಂಡು ಕಂದುಬಣ್ಣವೂ ಸುವಾಸನೆಯೂ ಹುಟ್ಟುತ್ತವೆ. ಫ್ರೆಂಚ್ ವಿಜ್ಞಾನಿ ಲೂಯಿ ಕಮೀಲ್ ಮೈಯಾರ್ 1912ರಲ್ಲಿ ಇದನ್ನು ವಿವರಿಸಿದುದರಿಂದ ಈ ಕ್ರಿಯೆಗೆ ಅವರ ಹೆಸರೇ ಬಂದಿದೆ. ದೋಸೆಯ ಹೊಂಬಣ್ಣಕ್ಕೂ ಇದೇ ಕಾರಣ.

ಶ್ರೀಗಂಧದ ಕಾವಲಿನ ಗಾಡಿಗಳ ನಡುವೆ ಒಂದು ಸಂಜೆ ನನ್ನೊಡನೆ ಸುತ್ತುತ್ತಿದ್ದ ಮಿತ್ರರು ರಸಾಯನಶಾಸ್ತ್ರದ ಅಧ್ಯಾಪಕರು. ತಟ್ಟೆಯೊಂದನ್ನು ತೋರಿಸಿ ಅವರು, “ಶಾಖದಿಂದ ಹೊನ್ನು, ಕಂದು, ಕೊನೆಗೆ ಕಪ್ಪು ಬರಬಹುದು. ಈ ಕುಂಕುಮದಂಥ ಕೆಂಪು ಎಲ್ಲಿಂದ ಬಂತು, ಹೇಳಿ ನೋಡೋಣ?” ಎಂದರು. ಪ್ರಶ್ನೆ ಹಾಸ್ಯದ್ದಾಗಿರಲಿಲ್ಲ.

2024ರಲ್ಲಿ ಕರ್ನಾಟಕದ ಆಹಾರ ಸುರಕ್ಷತಾ ಅಧಿಕಾರಿಗಳು ಗೋಬಿ ಮಂಚೂರಿಯ 171 ಮಾದರಿಗಳನ್ನು ಪರೀಕ್ಷೆಗೆ ಒಳಪಡಿಸಿದಾಗ 107 ಮಾದರಿಗಳು ಕೃತಕ ಬಣ್ಣದ ಕಾರಣ ಅಸುರಕ್ಷಿತವೆಂದು ತಿಳಿದುಬಂದಿತು. ಬಾಂಬೆ ಮಿಠಾಯಿಯ 25 ಮಾದರಿಗಳಲ್ಲಿ 15 ಹಾಗೆಯೇ ಇದ್ದವು. ಅದೇ ವರ್ಷದ ಮಾರ್ಚ್ 11ರಂದು ಸರ್ಕಾರವು ಗೋಬಿ ಮಂಚೂರಿಗೆ ಕೃತಕ ಬಣ್ಣ ಬೆರೆಸುವುದನ್ನೂ, ಬಾಂಬೆ ಮಿಠಾಯಿಗೆ ರೋಡಮಿನ್-ಬಿ ಬಳಸುವುದನ್ನೂ ನಿಷೇಧಿಸಿತು.

ರೋಡಮಿನ್-ಬಿ ಬಟ್ಟೆಗೆ ಹಾಕುವ ಬಣ್ಣ. ಅದರ ಅಣುಗಳು ಸುಮಾರು 550 ನ್ಯಾನೊಮೀಟರ್ ಅಲೆಯುದ್ದದ ಹಸಿರು ಬೆಳಕನ್ನು ಹೀರಿಕೊಂಡು, ಕಿತ್ತಳೆಗೆಂಪಿನ ಬೆಳಕನ್ನು ಹೊರಚೆಲ್ಲುತ್ತವೆ. ಈ ಪ್ರತಿದೀಪ್ತಿಯಿಂದಾಗಿ ಅದು ಸಾಮಾನ್ಯ ಕೆಂಪಿಗಿಂತ ಹೆಚ್ಚು ಹೊಳೆಯುತ್ತದೆ. ಪ್ರಯೋಗಶಾಲೆಗಳಲ್ಲಿ ಲೇಸರ್ ಉಪಕರಣಗಳಿಗೂ ಇಂತಹ ಬಣ್ಣಗಳು ಬೇಕಾಗುತ್ತವೆ. ಹೊಟ್ಟೆಗೆ ಮಾತ್ರ ಬೇಡ. ಯಾವ ಆಹಾರದಲ್ಲಿಯೂ ಇದನ್ನು ಬಳಸಲು ನಮ್ಮ ದೇಶದಲ್ಲಿ ಅನುಮತಿಯಿಲ್ಲ. ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೋ ಮುಂತಾದ ಬಣ್ಣಗಳಿಗೆ ಕೆಲವು ತಿಂಡಿಗಳಲ್ಲಿ ಮಿತಿಯೊಳಗೆ ಅನುಮತಿಯುಂಟು. ಗೋಬಿ ಮಂಚೂರಿ ಆ ಪಟ್ಟಿಗೆ ಸೇರಿದುದಲ್ಲ.

ಹಾಗಾದರೆ ಕೆಂಪೇ ಬೇಡವೇ? ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ಖಾರ ಕಡಮೆ, ಬಣ್ಣ ಹೆಚ್ಚು ಎಂದೇ ಪ್ರಸಿದ್ಧ. ಅದರ ಕೆಂಪು ಕ್ಯಾಪ್ಸಾಂಥಿನ್ ಎಂಬ ದ್ರವ್ಯದ್ದು. ಅದು ಎಣ್ಣೆಯಲ್ಲಿ ಕರಗುತ್ತದೆ, ನೀರಿನಲ್ಲಿ ಕರಗದು. ಇದನ್ನು ವಿದ್ಯಾರ್ಥಿಗಳು ಮನೆಯಲ್ಲಿಯೇ ನೋಡಬಹುದು. ಗಾಜಿನ ಲೋಟದಲ್ಲಿ ನೀರು ಮತ್ತು ಎರಡು ಚಮಚ ಎಣ್ಣೆ ಹಾಕಿ, ಬ್ಯಾಡಗಿ ಮೆಣಸಿನ ಪುಡಿ ಉದುರಿಸಿ ಕಲಕಿ, ಒಂದು ಗಂಟೆ ಬಿಡಿ. ಮೇಲಿನ ಎಣ್ಣೆ ಕೆಂಪಾಗುತ್ತದೆ. ಅಂಗಡಿಯ ಮಿಠಾಯಿ ಬಣ್ಣವನ್ನು ಇನ್ನೊಂದು ಲೋಟಕ್ಕೆ ಹಾಕಿದರೆ ಅದು ಕೆಳಗಿನ ನೀರಿಗೇ ಇಳಿಯುತ್ತದೆ. ಇದು ಬಣ್ಣಗಳ ಸ್ವಭಾವವನ್ನು ತೋರಿಸುವ ಪ್ರಯೋಗವೇ ಹೊರತು ಕಲಬೆರಕೆಯ ತೀರ್ಪಲ್ಲ. ಯಾವ ಬಣ್ಣ, ಎಷ್ಟು ಎಂಬುದನ್ನು ಪ್ರಯೋಗಶಾಲೆಯೇ ಹೇಳಬೇಕು.

ಬಣ್ಣವಿಲ್ಲದೆ ಮಾಡುತ್ತಿದ್ದ ಗಾಡಿಯವರೊಬ್ಬರನ್ನು ವ್ಯಾಪಾರ ಹೇಗೆಂದು ಮಿತ್ರರು ಕೇಳಿದರು. “ಕೆಂಪಗಿಲ್ಲ ಅಂದ್ರೆ ಹುಡುಗ್ರು ಪಕ್ಕದ ಗಾಡಿಗೆ ಹೋಗ್ತಾರೆ, ಸಾರ್” ಎಂದರು ಅವರು. ಒಂದು ಸಂಜೆಯ ಗಿರಾಕಿಗಳು ಕೈತಪ್ಪಿದರೆ ಅವರ ಮನೆಯ ಖರ್ಚಿಗೇ ಕೊರತೆ. ಕಾನೂನು ಗಾಡಿಯವನ ಕೈಯನ್ನು ತಡೆಯಬಹುದು. ಕೊಳ್ಳುವವನ ಕಣ್ಣನ್ನು ತಿದ್ದಲಾರದು. ಚೆನ್ನಾಗಿ ಹುರಿದುದರ ಗುರುತು ಕಂದುಬಣ್ಣವೆಂದು ಬಲ್ಲ ವಿದ್ಯಾರ್ಥಿಯು, “ಬಣ್ಣ ಹಾಕದೆ ಮಾಡಿಕೊಡಿ” ಎಂದು ಕೇಳಿದರೆ ಆ ಬಾಣಲೆಗೂ ಒಲೆಗೂ ಯಾವ ನಷ್ಟವೂ ಇಲ್ಲ. ಪ್ರಾಮಾಣಿಕನಾದ ಗಾಡಿಯವನಿಗಂತೂ ಲಾಭವೇ.